ಫೋನಿನ ಡಬ್ಬಿಯ ಮೇಲೆ ಭದ್ರತೆಯ ಗಡುವೂ ಇರಲಿ

ಮಾನ್ಯ ಸಂಪಾದಕರೇ,

ತಿಪಟೂರು ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ 2023ರ ದೀಪಾವಳಿಯ ಸಮಯದಲ್ಲಿ ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಿಂದ 9,500 ರೂಪಾಯಿಯ ಸ್ಮಾರ್ಟ್‌ಫೋನ್ ಕೊಡಿಸಿದವನು ನಾನೇ. ಕೊಬ್ಬರಿ ಮಾರಿದ ಹಣ ಖಾತೆಗೆ ಜಮೆಯಾದ ಸಂದೇಶ ಬರುವುದು, ಕಾಯಿ ಕೀಳುವವರಿಗೆ ಯುಪಿಐ ಮೂಲಕ ಕೂಲಿ ಕೊಡುವುದು, ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತೋಟದ ಫೋಟೊ ಹಾಕುವುದು ಎಲ್ಲವೂ ಆ ಒಂದು ಫೋನಿನಲ್ಲೇ. ಈಚೆಗೆ ಊರಿಗೆ ಹೋಗಿದ್ದಾಗ ಕುತೂಹಲಕ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒತ್ತಿ, ‘ಆಂಡ್ರಾಯ್ಡ್ ವರ್ಷನ್’ ತೆರೆದು ನೋಡಿದೆ. ‘ಸೆಕ್ಯುರಿಟಿ ಅಪ್‌ಡೇಟ್’ ಎಂಬಲ್ಲಿ 2024ರ ಮಾರ್ಚ್ ತಿಂಗಳ ದಿನಾಂಕವೇ ನಿಂತಿತ್ತು. ಹೊಸ ಅಪ್‌ಡೇಟ್ ಇದೆಯೇ ಎಂದು ಹುಡುಕಲು ಹೇಳಿದರೆ, ‘ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ’ ಎಂದು ಅದೇ ಫೋನು ಧೈರ್ಯವಾಗಿ ಉತ್ತರಿಸಿತು. ‘ಚೆನ್ನಾಗೇ ನಡೀತಿದೆಯಲ್ಲೋ, ಇದಕ್ಕೇನಾಗಿದೆ?’ ಎಂದು ಅಕ್ಕ ಕೇಳಿದಳು.

ಆಗಿರುವುದು ಇಷ್ಟೇ: ಆ ಮಾದರಿ ಮಾರುಕಟ್ಟೆಗೆ ಬಂದದ್ದು 2022ರ ಆರಂಭದಲ್ಲಿ, ಅದಕ್ಕೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದ್ದು ಎರಡು ವರ್ಷ. ಆ ಎರಡು ವರ್ಷದ ಲೆಕ್ಕ ಶುರುವಾಗುವುದು ನಾವು ದುಡ್ಡು ಕೊಟ್ಟ ದಿನದಿಂದಲ್ಲ, ಮಾದರಿ ಬಿಡುಗಡೆಯಾದ ದಿನದಿಂದ. ಹಬ್ಬದ ರಿಯಾಯಿತಿಯೆಂದು ಸಂಭ್ರಮದಿಂದ ತಂದ ಫೋನಿಗೆ ಉಳಿದಿದ್ದುದು ನಾಲ್ಕೈದು ತಿಂಗಳ ರಕ್ಷಣೆ ಮಾತ್ರ. ಹಳೆಯ ಮಾದರಿಗಳ ಬೆಲೆಯನ್ನು ಹಬ್ಬದ ದಿನಗಳಲ್ಲೇ ಇಳಿಸುವುದರಿಂದ, ಕಡಿಮೆ ಆದಾಯದವರ ಕೈಗೆ ಹೆಚ್ಚಾಗಿ ಸೇರುವುದು ಇಂತಹ, ಅರ್ಧ ಆಯುಷ್ಯ ಮುಗಿದ ಫೋನುಗಳೇ.

ಅಪ್‌ಡೇಟ್ ಎಂದರೆ ಪರದೆಯ ಬಣ್ಣ, ಐಕಾನುಗಳ ಆಕಾರ ಬದಲಾಗುವುದು ಎಂದು ಭಾವಿಸಿರುವವರು ನಮ್ಮಲ್ಲಿ ಬಹಳ ಮಂದಿ. ಭದ್ರತಾ ಅಪ್‌ಡೇಟ್ ಬೇರೆಯದೇ ಸಂಗತಿ: ಕಳ್ಳರು ಒಳನುಗ್ಗಲು ದಾರಿಯಾಗುವ ತಂತ್ರಾಂಶದ ದೋಷಗಳನ್ನು ಮುಚ್ಚುವುದು ಅದರ ಕೆಲಸ. ಬರೀ ಒಂದು ಎಂಎಂಎಸ್ ಸಂದೇಶ ಕಳುಹಿಸಿ ಆಂಡ್ರಾಯ್ಡ್ ಫೋನಿನೊಳಗೆ ನುಗ್ಗಬಹುದಾದ ‘ಸ್ಟೇಜ್‌ಫ್ರೈಟ್’ ಎಂಬ ದೋಷ 2015ರಲ್ಲಿ ಬಯಲಾದ ಮೇಲೆ, ಅದೇ ವರ್ಷದ ಆಗಸ್ಟ್‌ನಿಂದ, ಆಂಡ್ರಾಯ್ಡ್ ತಂತ್ರಾಂಶವನ್ನು ರೂಪಿಸುವ ಗೂಗಲ್ ಸಂಸ್ಥೆ ಪತ್ತೆಯಾದ ದೋಷಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸುತ್ತ ಬಂದಿದೆ. ಆದರೆ ಅದರ ಪರಿಹಾರ ನೇರವಾಗಿ ನಮ್ಮ ಫೋನಿಗೆ ಬರುವುದಿಲ್ಲ. ಚಿಪ್ ತಯಾರಿಸುವ ಕ್ವಾಲ್‌ಕಾಮ್, ಮೀಡಿಯಾಟೆಕ್‌ನಂತಹ ಕಂಪನಿಗಳು ತಮ್ಮ ಭಾಗವನ್ನು ಸರಿಪಡಿಸಿ, ಫೋನ್ ಕಂಪನಿಯು ಅದನ್ನೆಲ್ಲ ತನ್ನ ಒಂದೊಂದು ಮಾದರಿಗೂ ಹೊಂದಿಸಿ, ಪರೀಕ್ಷಿಸಿ ಕಳುಹಿಸಬೇಕು. ಇದು ಖರ್ಚಿನ ಕೆಲಸವಾದ್ದರಿಂದ ಲಾಭ ಕಡಿಮೆಯಿರುವ ಅಗ್ಗದ ಮಾದರಿಗಳನ್ನು ಕಂಪನಿಗಳು ಬೇಗ ಕೈಬಿಡುತ್ತವೆ. ದೋಷಗಳ ಪಟ್ಟಿ ಮಾತ್ರ ಪ್ರತಿ ತಿಂಗಳೂ ಬಹಿರಂಗವಾಗುತ್ತಲೇ ಇರುತ್ತದೆ. ಯಾವ ಬೇಲಿಯಲ್ಲಿ ಎಲ್ಲಿ ಕಂಡಿ ಬಿದ್ದಿದೆ ಎಂಬುದು ತೋಟದವನಿಗಿಂತ ಮೊದಲು ಕಳ್ಳನಿಗೆ ಗೊತ್ತಾಗುವಂತಹ ಸ್ಥಿತಿ ಇದು.

ಆಂಡ್ರಾಯ್ಡ್ 10 ಬಂದ 2019ರಿಂದ ಕೆಲವು ಭಾಗಗಳನ್ನು ಗೂಗಲ್ ತಾನೇ ‘ಪ್ಲೇ ಸಿಸ್ಟಂ ಅಪ್‌ಡೇಟ್’ ಮೂಲಕ ಸರಿಪಡಿಸುತ್ತಿದೆ ಎಂಬುದು ನಿಜ. ಆದರೆ ಫೋನಿನ ಒಳತಿರುಳಿಗೂ ಚಿಪ್‌ಗೂ ಸಂಬಂಧಿಸಿದ ಪರಿಹಾರಗಳು ಆ ದಾರಿಯಲ್ಲಿ ಬರುವುದಿಲ್ಲ. ಹಾಗೆಯೇ ವಾಟ್ಸ್‌ಆ್ಯಪ್ ಹೊಸದಾಗುತ್ತಿದೆ ಎಂದ ಮಾತ್ರಕ್ಕೆ ಫೋನು ಸುರಕ್ಷಿತವಾಯಿತು ಎಂದಲ್ಲ. ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು: ಮದುವೆಯ ಆಮಂತ್ರಣವೆಂದೋ ಸಂಚಾರ ದಂಡದ ನೋಟಿಸ್ ಎಂದೋ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು (ಆ್ಯಪ್ ಅಳವಡಿಸುವ ಕಡತವನ್ನು) ನಾವೇ ಒತ್ತಿ ಅಳವಡಿಸಿಕೊಂಡು, ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ, ಯಾವ ಅಪ್‌ಡೇಟ್ ಕೂಡ ಪೂರ್ತಿ ಕಾಪಾಡಲಾರದು. ಅಪ್‌ಡೇಟ್ ತಡೆಯುವುದು ನಮ್ಮ ತಪ್ಪೇ ಇಲ್ಲದೆ ಒಳಬರುವ ಅಪಾಯವನ್ನು. ನನಗೆ ಹೆಚ್ಚು ಭಯ ಹುಟ್ಟಿಸುವುದೂ ಅದೇ.

ಹೊಸ ಫೋನ್ ನೋಡಲು ಹೋದಾಗ ಅಂಗಡಿಯ ಹುಡುಗನನ್ನು ‘ಇದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಎಲ್ಲಿಯವರೆಗೆ ಬರುತ್ತದೆ?’ ಎಂದು ಕೇಳಿದೆ. ‘ಆಂಡ್ರಾಯ್ಡ್ 15 ಇದೆ ಸರ್, ಐವತ್ತು ಮೆಗಾಪಿಕ್ಸೆಲ್ ಕ್ಯಾಮೆರಾ’ ಎಂದ. ಮತ್ತೆ ಕೇಳಿದ್ದಕ್ಕೆ ‘ಅದೆಲ್ಲಾ ಬಂದೇ ಬರುತ್ತೆ ಸರ್’ ಎಂದ. ಪಾಪ, ಅವನ ತಪ್ಪಲ್ಲ, ಅವನಿಗೂ ಯಾರೂ ಹೇಳಿಕೊಟ್ಟಿಲ್ಲ. ಕೊನೆಗೆ ಕಂಪನಿಗಳ ಪ್ರಕಟಣೆಗಳನ್ನೇ ಓದಿ ನೋಡಿದಾಗ ತಿಳಿದದ್ದೇನೆಂದರೆ, ದೀರ್ಘ ಭದ್ರತೆ ಈಗ ದುಬಾರಿ ಫೋನುಗಳ ಸೊತ್ತಾಗಿ ಉಳಿದಿಲ್ಲ. ಗೂಗಲ್ 2023ರಲ್ಲಿ ತನ್ನ ಪಿಕ್ಸೆಲ್ 8 ಫೋನಿಗೆ ಏಳು ವರ್ಷದ ಅಪ್‌ಡೇಟ್ ಘೋಷಿಸಿತು. ಅದು ನಮ್ಮಂಥವರ ಕೈಗೆಟುಕುವುದಲ್ಲ. ಆದರೆ 2024ರ ಕೊನೆಯಲ್ಲಿ 18,999 ರೂಪಾಯಿಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷ, 2025ರಲ್ಲಿ 10 ಸಾವಿರದ ಆಸುಪಾಸಿನಲ್ಲಿ ಬಂದ ಎಂ06 5ಜಿಗೆ ನಾಲ್ಕು ವರ್ಷ ಎಂದು ಆ ಕಂಪನಿ ಹೇಳಿದೆ. ನಾನು ಯಾವ ಕಂಪನಿಯ ಪರವಾಗಿಯೂ ಬರೆಯುತ್ತಿಲ್ಲ. ಈ ಬೆಲೆಗೆ ಒಬ್ಬರಿಗೆ ಸಾಧ್ಯವಾದದ್ದು ಉಳಿದವರಿಗೇಕೆ ಆಗದು ಎಂಬುದಷ್ಟೇ ನನ್ನ ಪ್ರಶ್ನೆ.

ಹಾಗಾಗಿ ನಾನು ಈಗ ಬೆಲೆಯನ್ನು, ಉಳಿದಿರುವ ಭದ್ರತೆಯ ವರ್ಷಗಳಿಂದ ಭಾಗಿಸಿ ನೋಡುತ್ತೇನೆ. ಒಂದೇ ವರ್ಷ ಉಳಿದಿರುವ 9 ಸಾವಿರದ ಫೋನು ವರ್ಷಕ್ಕೆ 9 ಸಾವಿರವೇ ಆಯಿತು. ಐದು ವರ್ಷ ಉಳಿದಿರುವ 15 ಸಾವಿರದ ಫೋನು ವರ್ಷಕ್ಕೆ 3 ಸಾವಿರ. ಕೊಳ್ಳುವ ಮುನ್ನ ಮಾದರಿ ಬಿಡುಗಡೆಯಾದ ತಿಂಗಳು ಯಾವುದು, ಕಂಪನಿ ತನ್ನ ಜಾಲತಾಣದಲ್ಲಿ ಎಷ್ಟು ವರ್ಷವೆಂದು ಬರೆದಿದೆ ಎಂಬೆರಡನ್ನು ಮನೆಯ ಮಕ್ಕಳಿಂದಲಾದರೂ ಹುಡುಕಿಸಬೇಕು. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ಎಷ್ಟು ಬರುತ್ತವೆ, ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಎಂಬುವು ಎರಡು ಬೇರೆ ಲೆಕ್ಕಗಳು ಎಂಬುದೂ ನೆನಪಿರಬೇಕು. ಅಕ್ಕನ ಹಳೆಯ ಫೋನಿನಿಂದ ಬ್ಯಾಂಕಿನ ಸಿಮ್ಮನ್ನೂ ಯುಪಿಐಯನ್ನೂ ತೆಗೆಸಿದ್ದೇನೆ. ಅದೀಗ ಅಡುಗೆಮನೆಯಲ್ಲಿ ಯೂಟ್ಯೂಬ್ ನೋಡಲಿಕ್ಕೆ ಮಾತ್ರ.

ಆದರೆ ಹಳ್ಳಿಯ ಪ್ರತಿಯೊಬ್ಬ ಗ್ರಾಹಕನೂ ಇಷ್ಟೆಲ್ಲ ಹುಡುಕಬೇಕೆಂದು ಬಯಸುವುದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನು ತಯಾರಕರು ಬಹಿರಂಗಪಡಿಸಲೇಬೇಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದಿರುವ ನಿಯಮದ ಪ್ರಕಾರ, ಒಂದು ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ನಿಂತ ದಿನದಿಂದ ಕನಿಷ್ಠ ಐದು ವರ್ಷ ಅಪ್‌ಡೇಟ್ ಲಭ್ಯವಿರಬೇಕು. ಎಂದರೆ ಹಳೆಯ ದಾಸ್ತಾನು ಕೊಂಡವನೂ ಅಲ್ಲಿ ಮೋಸ ಹೋಗುವುದಿಲ್ಲ. ಅಲ್ಲಿ ಈ ನಿಯಮ ಪಾಲಿಸುವ ಹಲವು ಕಂಪನಿಗಳೇ ಇಲ್ಲಿಯೂ ಫೋನ್ ಮಾರುತ್ತಿವೆ.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನೇ ಬೇಕೆಂದೇನಿಲ್ಲ. ಡಬ್ಬಿಯ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು, ಗ್ರಾಹಕರ ದೂರಿಗೆ ವಿಳಾಸ ಇವೆಲ್ಲ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಈಗಾಗಲೇ ವಿಧಿಸಿವೆ. ಆ ನಿಯಮಗಳನ್ನು ನೋಡಿಕೊಳ್ಳುವ ಕೇಂದ್ರ ಗ್ರಾಹಕ ವ್ಯವಹಾರಗಳ ಖಾತೆಯನ್ನು 2024ರ ಜೂನ್‌ನಲ್ಲಿ ವಹಿಸಿಕೊಂಡವರು ನಮ್ಮ ರಾಜ್ಯದವರೇ ಆದ ಪ್ರಲ್ಹಾದ ಜೋಶಿಯವರು. ಮಾತ್ರೆಯ ಪಟ್ಟಿಯ ಮೇಲೆ ಅವಧಿ ಮುಗಿಯುವ ತಿಂಗಳನ್ನು ಮುದ್ರಿಸುವಂತೆಯೇ, ಫೋನಿನ ಡಬ್ಬಿಯಲ್ಲಿ ಬೆಲೆಯ ಕೆಳಗೆ, ಬರಿಗಣ್ಣಿಗೆ ಕಾಣುವ ಅಕ್ಷರದಲ್ಲಿ, ಕನ್ನಡದಲ್ಲಿಯೂ, ‘ಭದ್ರತಾ ಅಪ್‌ಡೇಟ್ ಇಂಥ ತಿಂಗಳು, ಇಂಥ ವರ್ಷದವರೆಗೆ’ ಎಂಬ ಒಂದು ಸಾಲನ್ನು ಅವರ ಇಲಾಖೆ ಕಡ್ಡಾಯ ಮಾಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಶಿರಾ ಗೇಟ್, ತುಮಕೂರು