ಟ್ವಿಕನ್‌ಹ್ಯಾಮ್‌ಗೆ ಹೊರಟ ಗೆಳೆಯನಿಗೆ

ಗೆಳೆಯಾ,

ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದ ಇಂಗ್ಲೆಂಡ್-ಸ್ಕಾಟ್ಲೆಂಡ್ ರಗ್ಬಿ ಪಂದ್ಯಕ್ಕೆ ಟಿಕೆಟ್ ಸಿಕ್ಕಿದೆ, ಆದರೆ ರಗ್ಬಿಯ ತಲೆಬುಡ ತಿಳಿಯದು ಅಂತ ಬರೆದಿದ್ದೀಯ. ಅವರು ಕಾದಾಡುವ ಕಪ್ ಮಾತ್ರ ನಮ್ಮ ನೆಲದ್ದೇ ಕಣೋ. ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಎಂಬ ರಗ್ಬಿ ಕ್ಲಬ್ ಮುಚ್ಚಿದಾಗ ಖಾತೆಯಲ್ಲಿ ಉಳಿದ 270 ಬೆಳ್ಳಿ ರೂಪಾಯಿ ಕರಗಿಸಿ 1878ರಲ್ಲಿ ಮಾಡಿಸಿದ್ದು. ಹಿಡಿಕೆಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ಹೆಸರು ಕಲ್ಕತ್ತಾ ಕಪ್.

ಮೊದಲು ಅಂಕದ ಲೆಕ್ಕ. ಎದುರಾಳಿಯ ಗೋಲ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಅದರ ಬೆನ್ನಿಗೇ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2. ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಒದೆತಕ್ಕೆ 3, ಆಟದ ನಡುವೆಯೇ ಒದೆಯುವ ಡ್ರಾಪ್ ಗೋಲ್‌ಗೂ 3. ಕನ್ವರ್ಷನ್ ಒದೆಯುವುದು ಚೆಂಡು ಒತ್ತಿದ ಜಾಗದ ನೇರಕ್ಕೇ. ಅದಕ್ಕೇ ಗೆರೆ ದಾಟಿದವನು ಹಿಂದೆ ಯಾರೂ ಇಲ್ಲದಿದ್ದರೆ ಕಂಬದ ಕಡೆಗೆ ಬಳಸಿ ಓಡುತ್ತಾನೆ. ಮೂಲೆಯಲ್ಲಿ ಒತ್ತಿದರೆ ಒದೆಯುವವನ ಕೋನ ಕಿರಿದಾಗುತ್ತದೆ. 2025ರಲ್ಲಿ ಇದೇ ಮೈದಾನದಲ್ಲಿ ಸ್ಕಾಟ್ಲೆಂಡ್ ಮೂರು ಟ್ರೈ ಹೊಡೆಯಿತು, ಇಂಗ್ಲೆಂಡ್ ಒಂದೇ ಒಂದು. ಮೂರೂ ಕನ್ವರ್ಷನ್ ತಪ್ಪಿ ಸ್ಕಾಟ್ಲೆಂಡ್ 15-16ರಲ್ಲಿ ಸೋತಿತು. ಟ್ರೈ ಆಯಿತೆಂದು ಆ ಹೊತ್ತಿಗೆ ತಿಂಡಿ ತರಲು ಏಳಬೇಡ.

ಹೊಸಬರ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ, ಚೆಂಡು ದೇಹಗಳ ರಾಶಿಯಡಿ ಮಾಯವಾಗುತ್ತದೆ. ಬೆನ್ನ ಮೇಲೆ 9 ಇರುವವನನ್ನು ನೋಡು. ರಾಶಿಯ ಹಿಂಬದಿಯಿಂದ ಚೆಂಡು ತೆಗೆಯುವವನು ಬಹುಪಾಲು ಅವನೇ. ಅವನು ತಲೆಯೆತ್ತಿ ಯಾವ ಕಡೆ ನೋಡುತ್ತಾನೋ ಆ ಕಡೆ ಎಷ್ಟು ಜನ ರಕ್ಷಣೆಗಿದ್ದಾರೆ ಎಣಿಸು, ಮುಂದಿನದು ಅರ್ಧ ತಿಳಿದಂತೆ. ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಒದೆಯಬಹುದು.

ಪೀಪಿ ಯಾಕೆ ಊದಿದರು ಅನ್ನುವುದೇ ದೊಡ್ಡ ತಲೆನೋವು. ಕಬಡ್ಡಿ ನೋಡಿದ ಕಣ್ಣಿಗೆ ಇಲ್ಲಿನ ನಿಯಮ ತಲೆಕೆಳಗು: ಕೆಡವಿದವನು ತಕ್ಷಣ ಹಿಡಿತ ಬಿಟ್ಟು ಪಕ್ಕಕ್ಕೆ ಉರುಳಬೇಕು, ಬಿದ್ದವನು ಚೆಂಡು ಬಿಡಬೇಕು, ಉಳಿದವರು ಪಕ್ಕದಿಂದ ನುಗ್ಗದೆ ಹಿಂಬದಿಯಿಂದಲೇ ಬರಬೇಕು. ಬಹಳಷ್ಟು ಪೆನಾಲ್ಟಿ ಹುಟ್ಟುವುದು ಈ ಮೂರರಲ್ಲೇ. ತಪ್ಪಾದರೂ ರೆಫರಿ ಕೈ ಅಡ್ಡ ಚಾಚಿ ಸುಮ್ಮನಿದ್ದರೆ ಅದು ಅಡ್ವಾಂಟೇಜ್. ಎದುರು ತಂಡಕ್ಕೆ ಲಾಭವಾಗದಿದ್ದರೆ ಆಮೇಲೆ ಊದಿ ಹಿಂದಕ್ಕೆ ಕರೆಯುತ್ತಾರೆ. ರೆಫರಿಯ ಮಾತು ಕಿವಿಯಲ್ಲಿ ಕೇಳಿಸುವ ಪುಟ್ಟ ರೇಡಿಯೊ ಅಲ್ಲೇ ಮಾರುತ್ತಾರೆ. ಕಾಸು ಕೊಟ್ಟು ತಗೋ, ಅಂಗಿ-ಟೋಪಿಗಿಂತ ಅದು ಮೇಲು. ಹಳದಿ ಕಾರ್ಡ್ ಅಂದರೆ 10 ನಿಮಿಷ ಹೊರಗೆ. ಆ ಹತ್ತು ನಿಮಿಷ ಮೈದಾನದ ಅಂಚುಗಳಲ್ಲಿ ಜಾಗ ತೆರೆಯುವುದನ್ನು ಗಮನಿಸು. 80 ನಿಮಿಷ ಮುಗಿದೊಡನೆ ಆಟ ಮುಗಿಯದು, ಸಾಮಾನ್ಯವಾಗಿ ಚೆಂಡು ಹೊರಗೆ ಹೋಗುವವರೆಗೂ ನಡೆಯುತ್ತದೆ.

ಗೆರೆಯ ಪಕ್ಕದ ಕೆಳಸಾಲಿನಿಂದ ಬೆನ್ನುಗಳಷ್ಟೇ ಕಾಣುತ್ತವೆ. ಎತ್ತರದ ಸಾಲಿನಿಂದ ಆಟಗಾರರ ನಡುವಿನ ಸಂದು ಕಾಣುತ್ತದೆ. ಎರಡೂ ತಂಡದ ಅಭಿಮಾನಿಗಳು ಬೆರೆತು ಕೂರುತ್ತಾರೆ, ಜಗಳದ ಭಯ ಬೇಡ. ಫುಟ್‌ಬಾಲಿನಂತಲ್ಲದೆ ಇಲ್ಲಿ ಬಿಯರ್ ಸೀಟಿನವರೆಗೂ ಬರುತ್ತದೆ, ಹಾಗಾಗಿ ಸಾಲಿನ ತುದಿ ಸಿಕ್ಕರೆ ದಾರಿ ಬಿಡಲು ಏಳುವುದು ಕೂರುವುದೇ ಕೆಲಸ. ಒದೆಯುವಾಗ ಸದ್ದಡಗಿಸುವುದು ಹಳೆಯ ಮರ್ಯಾದೆ, ಎಲ್ಲರೂ ಪಾಲಿಸುತ್ತಾರೆ ಅಂತಲ್ಲ.

ಫೆಬ್ರುವರಿ-ಮಾರ್ಚಿನ ಚಳಿ ಏರುವುದು ಕಾಲಿನಿಂದ. ದಪ್ಪ ಉಣ್ಣೆಯ ಕಾಲುಚೀಲ ಹಾಕು, ಕೊಡೆ ಬೇಡ, ಹಿಂದಿನವರಿಗೆ ಅಡ್ಡ; ಟೋಪಿಯಿರುವ ಮಳೆಅಂಗಿ ಸಾಕು. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ, ಟ್ವಿಕನ್‌ಹ್ಯಾಮ್ ನಿಲ್ದಾಣದಿಂದ ಕಾಲು ಗಂಟೆ ನಡಿಗೆ. ಹೋಗುವುದು ಸುಲಭ, ವಾಪಸಾತಿಯೇ ಕಷ್ಟ: ಎಂಬತ್ತು ಸಾವಿರ ಜನ ಒಟ್ಟಿಗೇ ಅದೇ ನಿಲ್ದಾಣಕ್ಕೆ ನುಗ್ಗುತ್ತಾರೆ. ಒಂದು ಗಂಟೆ ಅಲ್ಲೇ ಕಾಲ ಕಳೆ, ಇಲ್ಲವೆ ಮುಕ್ಕಾಲು ಗಂಟೆ ನಡೆದು ರಿಚ್ಮಂಡ್ ಸೇರಿಕೋ. ಅಲ್ಲಿ ಡಿಸ್ಟ್ರಿಕ್ಟ್ ಲೈನ್ ಮೆಟ್ರೊ ಸಿಗುತ್ತದೆ.

ನಿನ್ನ ಗೆಳೆಯ