ಹವಾಲ್ದಾರರಿಗೆ ಕುರ್ಚಿ ಇಲ್ಲವೇ?

ಮಾನ್ಯರೇ,

ಕಾರ್ಗಿಲ್ ವಿಜಯ ದಿವಸ 'ಅಚ್ಚುಕಟ್ಟಾಗಿ ನೆರವೇರಿತು' ಎಂದು ನಿಮ್ಮ ವರದಿಗಾರರು ಬರೆದಿದ್ದಾರೆ. ಶಾಮಿಯಾನದ ಹೊರಗೆ ಮಳೆಯಲ್ಲಿ ನಿಂತಿದ್ದ ನಾವು, ಅಂದರೆ ಸೈನ್ಯದಲ್ಲಿ ಆಫೀಸರ್‌ಗಳ ಕೆಳಗಿನ ದರ್ಜೆಯಲ್ಲಿದ್ದು ನಿವೃತ್ತರಾದ ಹವಾಲ್ದಾರ್, ನಾಯಕ್‌ಗಳು, ಅವರ ಕಣ್ಣಿಗೆ ಬಿದ್ದಂತಿಲ್ಲ. ಪದಕ ಹಾಕಿಕೊಂಡು ಬನ್ನಿ ಎಂದು ಆಮಂತ್ರಣ ಕೊಟ್ಟವರೇ, ಎರಡನೇ ಸಾಲಿನಲ್ಲಿ ಕೂತಿದ್ದ ನಮ್ಮನ್ನು 'ಇದು ಆಫೀಸರ್‌ಗಳಿಗೆ, ಹವಾಲ್ದಾರ್, ನಾಯಕ್ ಎಲ್ಲ ಹಿಂದೆ ಹೋಗಿ' ಎಂದು ಎಬ್ಬಿಸಿದರು. ಹಿಂದೆ ಕುರ್ಚಿಗಳೇ ಇರಲಿಲ್ಲ. ಆ ಸಾಲಿನಲ್ಲಿ ಆಮೇಲೆ ಬಂದು ಕೂತವರಾದರೂ ಆಫೀಸರ್‌ಗಳೇ? ಪುಢಾರಿಗಳ ಹಿಂಬಾಲಕರು! ಮಂಡಿನೋವಿನ ನಾನು ಕಂಬ ಹಿಡಿದು ನಿಂತೆ. ಕೋಟು ತೊಯ್ದಿತು, ಊಟದ ಕೂಪನ್ ಸಿಗಲಿಲ್ಲ, ಬಸ್ಸೂ ತಪ್ಪಿ ಆಟೊಗೆ ದುಡ್ಡು ತೆತ್ತು ಮನೆ ಸೇರಿದೆ.

ಸೈನ್ಯದ ಪಲ್ಟನ್ ನಡೆಯುವುದು ಯಾರಿಂದ ಎಂದು ಇವರಿಗೆ ಗೊತ್ತಿದೆಯೇ? ಗುಂಡು ಹಾರುವಾಗ ಹತ್ತು ಜನರ ಸೆಕ್ಷನ್ ಹೊರಡುವುದು ಹವಾಲ್ದಾರನ ಮಾತಿನ ಮೇಲೆ. ಅವನು ಬಿದ್ದರೆ ಅವನ ಕೈಕೆಳಗಿನ ನಾಯಕ್ ಮುಂದೆ ನಡೆಸುತ್ತಾನೆ. ಹೊಸದಾಗಿ ಸೇರಿದ ರಂಗರೂಟನಿಗೆ ರೈಫಲ್ ಹಿಡಿಯಲು ಕಲಿಸುವವನು, ಯಾವ ಜವಾನನ ಮನೆಯಲ್ಲಿ ಏನು ಕಷ್ಟವೆಂದು ಹೊಸ ಲೆಫ್ಟಿನೆಂಟ್ ಸಾಹೇಬರಿಗೆ ತಿಳಿಸುವವನು, ಕಂಪನಿ ಎಂಬ ತುಕಡಿಯ ರೇಷನ್, ಬಟ್ಟೆ ನೋಡಿಕೊಳ್ಳುವವನು, ಎಲ್ಲ ಈ ಹವಾಲ್ದಾರ್, ನಾಯಕ್‌ಗಳೇ. 1965ರಲ್ಲಿ ಪಂಜಾಬಿನ ಖೇಮಕರಣ್‌ನಲ್ಲಿ ಜೀಪಿನ ಮೇಲಿನ ಗನ್‌ನಿಂದ ಪಾಕಿಸ್ತಾನದ ಟ್ಯಾಂಕುಗಳನ್ನು ಒಡೆದು ಪ್ರಾಣ ಕೊಟ್ಟ ಪರಮವೀರ ಚಕ್ರದ ಅಬ್ದುಲ್ ಹಮೀದ್, ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್, ಅಂದರೆ ಆ ರೇಷನ್, ಬಟ್ಟೆ ನೋಡಿಕೊಳ್ಳುವವರೇ. 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದು, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ, ಲ್ಯಾನ್ಸ್ ನಾಯಕ್, ಅಂದರೆ ನಾಯಕ್‌ಗಿಂತಲೂ ಒಂದು ಮೆಟ್ಟಿಲು ಕೆಳಗೆ. ವೇದಿಕೆಯ ಬ್ಯಾನರಿನಲ್ಲಿ ಅವರ ಫೋಟೊ ಹಾಕಿದ್ದರು. ಅವರು ಬದುಕಿ ಬಂದಿದ್ದರೆ ಅವರನ್ನೂ ಎಬ್ಬಿಸುತ್ತಿದ್ದರೇನು?

ಇದು ಇವತ್ತಿನದಲ್ಲ. ಮಾಜಿ ಸೈನಿಕರಿಗೆ ಸರ್ಕಾರ ಕೊಡುವ ಜಮೀನಿಗೆ ನಾನು ಹಾಕಿದ ಅರ್ಜಿ ಇಲ್ಲಿನ ಕಚೇರಿಯೊಂದರಲ್ಲಿ ವರ್ಷಗಳಿಂದ ಬಿದ್ದಿದೆ. ಹೋದಾಗಲೆಲ್ಲ ಕೇಸ್ ವರ್ಕರ್ ರಜೆ, ಇಲ್ಲವೇ ಸರ್ವೆಯರ್ ಬಂದಿಲ್ಲ, ಇಲ್ಲವೇ ಸಾಹೇಬರು ವರ್ಗವಾದರು. ನಮ್ಮ ಜೊತೆಯವರೊಬ್ಬರು ಕಾದು ಕಾದು ಸತ್ತೇ ಹೋದರು. ಅವರ ಹೆಂಡತಿ ಈಗ ಅದೇ ಬಾಗಿಲಲ್ಲಿ ನಿಲ್ಲುತ್ತಾರೆ. ಹುತಾತ್ಮನ ಹೆಸರಿಟ್ಟ ರಸ್ತೆಗೆ ಡಾಂಬರಿಲ್ಲ, ಫಲಕ ಚರಂಡಿಯಲ್ಲಿದೆ. ಭಾಷಣಕ್ಕೆ ಮಾತ್ರ ಸೈನಿಕರು ಬೇಕು.

ಸಂಬಂಧಪಟ್ಟವರು ಕ್ಷಮೆ ಕೇಳಬೇಕು, ಮುಂದಿನ ವರ್ಷ ಹವಾಲ್ದಾರ್, ನಾಯಕ್‌ಗಳಿಗೆ ಮುಂದಿನ ಸಾಲು ಮೀಸಲಿಡಬೇಕು. ಆಗದಿದ್ದರೆ ನಮ್ಮನ್ನು ಕರೆಯಲೇಬೇಡಿ. ಜಮೀನಿನ ಅರ್ಜಿಗೂ ಹೌದೋ ಅಲ್ಲವೋ ಹೇಳಿಬಿಡಿ. ಪದಕ ಹಾಕಿಕೊಂಡು ಬಂದ ಮುದುಕರನ್ನು ಮಳೆಗೆ ತಳ್ಳಲು ಇವರಿಗೆ ನಾಚಿಕೆಯಾದರೂ ಆಗಬೇಡವೇ?

– ನೊಂದ ನಿವೃತ್ತ ಹವಾಲ್ದಾರ್