ನೀಲಗಾರರನ್ನು ಮೇಷ್ಟ್ರಾಗಿ ಕರೆಯಬೇಕು, ನೆರವಾಗಿ

ಬಂಧುಗಳೇ, ನಮಸ್ಕಾರ.

ಮೈಸೂರಿನಲ್ಲಿ ಜಾನಪದ, ಸಂಸ್ಕೃತಿ ಅಧ್ಯಯನ ಓದುವ ಮಕ್ಕಳನ್ನು ಮಂಡ್ಯ ಸೀಮೆಯ ಹಳ್ಳಿಗಳಿಗೆ ಕರೆದುಕೊಂಡು ಹೋಗುವ ಪುಟ್ಟ ಟ್ರಸ್ಟ್ ನಮ್ಮದು. ಹೋದ ವರ್ಷ ನಡೆದದ್ದೊಂದನ್ನು ನಿಮಗೆ ಹೇಳಲೇಬೇಕು.

ತಂಬೂರಿ ಹಿಡಿದು ಸಂತ ಮಂಟೇಸ್ವಾಮಿಯ ಕಥೆ ಹಾಡುವವರೇ ನೀಲಗಾರರು. ಮಳವಳ್ಳಿ ಕಡೆಯ ಒಂದು ಮನೆಯಲ್ಲಿ ಅವರು ರಾತ್ರಿಯೆಲ್ಲ ಆ ಕಥೆ ಹಾಡಿದರು. ನಮ್ಮ ವಿದ್ಯಾರ್ಥಿನಿಯೊಬ್ಬಳು ಪೂರ್ತಿ ರೆಕಾರ್ಡ್ ಮಾಡಿಕೊಂಡಳು. ಗುರು ಮಂಟೇಸ್ವಾಮಿ ಬಂದು, ನಿಮ್ಮ ಮಗ ಕೆಂಪಾಚಾರಿಯನ್ನು ಶಿಷ್ಯನಾಗಿ ಕೊಡಿ ಅಂತ ಕೇಳಿದಾಗ ಹೆತ್ತವರು ಸಂಕಟಪಡುವ ಭಾಗ ಅದರಲ್ಲಿ ಇರಲಿಲ್ಲ. 'ಕಥೆಯ ಈ ಪಾಠದಲ್ಲಿ, ಅಂದರೆ ಇವರು ಹಾಡುವ ರೂಪದಲ್ಲಿ, ಆ ಭಾಗವಿಲ್ಲ' ಎಂದು ಪ್ರಬಂಧದಲ್ಲಿ ಬರೆದಳು. ತಿಂಗಳು ಬಿಟ್ಟು ಅದೇ ರೆಕಾರ್ಡಿಂಗನ್ನು ಹಾಡಿದವರ ಮುಂದೆ ಹಾಕಿದೆವು. ತಂಬೂರಿ ಪಕ್ಕಕ್ಕಿಟ್ಟು ಕೇಳುತ್ತಾ ಕೂತರು. ಆ ಜಾಗ ಬಂದಾಗ ಕೈ ಎತ್ತಿ ನಿಲ್ಲಿಸಿದರು. "ಆ ಮನೆ ತಾಯಿ ಮಗನ್ನ ಕಳ್ಕೊಂಡು ವರ್ಸ ಆಗಿರ್ನಿಲ್ಲ ಕಣವ್ವ. ಎದುರ್ಗೇ ಕುಂತಿದ್ರು. ಹೆಂಗ್ ಹಾಡ್ಲಿ?"

ಆ ಹುಡುಗಿ ಇಡೀ ಅಧ್ಯಾಯವನ್ನು ಮತ್ತೆ ಬರೆದಳು. ಎದುರಿಗೆ ಕೂತವರ ನೋವು ನೋಡಿ ಹಾಡುವವರು ಒಂದು ಭಾಗವನ್ನೇ ಬಿಡಬಹುದು ಅನ್ನೋದು ಮೇಷ್ಟ್ರುಗಳಾದ ನಮಗೂ ಗೊತ್ತಿರಲಿಲ್ಲ.

ಅವತ್ತಿನಿಂದ ನಮ್ಮ ಪದ್ಧತಿ ಬದಲಾಯಿತು. ಮೊದಲ ಸಲ ಊರಿಗೆ ಹೋದಾಗ ಪ್ರಶ್ನಾವಳಿ ಒಯ್ಯುವ ಹಾಗಿಲ್ಲ. ಸುಮ್ನೆ ಇರಬೇಕು, ಮನೆಗೆಲಸಕ್ಕೆ ಕೈ ಹಾಕಬೇಕು, ಕೇಳಬೇಕು. ಬರೆದದ್ದನ್ನು ಊರಿಗೇ ತಂದು ಓದಿ ಹೇಳಬೇಕು. ಹಾಡಿದವರು ಒಪ್ಪಿದ ಮೇಲೆ ಮುಂದಿನ ಮಾತು.

ಇದೇನೂ ಆಕಾಶದಿಂದ ಉದುರಿದ್ದಲ್ಲ. ನಾಗಮಂಗಲ ಸೀಮೆಯ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಊರೂರು ಸುತ್ತಿ, ಹಾಡುವವರ ಜೊತೆ ಕೂತು ಕಲಿತವರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಶುರುವಾದ ಸಂಸ್ಕೃತಿ ಅಧ್ಯಯನ ಕೇಂದ್ರದಲ್ಲೂ ಮೇಷ್ಟ್ರು, ವಿದ್ಯಾರ್ಥಿಗಳು ಒಟ್ಟಿಗೆ ಕೂತು ಸಂಶೋಧನೆ ಮಾಡಿ ಒಟ್ಟಿಗೇ ಬರೆಯುತ್ತಿದ್ದರು. ನಾವು ಆ ಗುಂಪಿಗೆ ಹಾಡುವವರನ್ನೂ ಸೇರಿಸಿಕೊಂಡಿದ್ದೇವೆ, ಅಷ್ಟೇ.

ಈಗ ದುಡ್ಡಿನ ವಿಷಯ. ತರಗತಿಗೆ ಬಂದು ಪಾಠ ಹೇಳುವ ನೀಲಗಾರರಿಗೆ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಡಬೇಕು ಅಂತ ನಮ್ಮ ಹಟ. ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರೆ ಅವರ ಒಂದು ದಿನದ ಕೂಲಿ ಹೋದಂಗೆ ಅಲ್ವಾ? ಖರ್ಚಿನಲ್ಲಿ ಜಾಸ್ತಿ ಪಾಲು ಇದಕ್ಕೇ. ಇನ್ನು ಎರಡು ಒಳ್ಳೆ ರೆಕಾರ್ಡರ್, ಹಾರ್ಡ್ ಡಿಸ್ಕ್ ಬೇಕು. ಮಕ್ಕಳ ಬಸ್ ಚಾರ್ಜು, ಊಟದ ಖರ್ಚು ಇದೆ. 500 ರೂಪಾಯಿ ಕೊಟ್ಟರೆ ಒಬ್ಬ ವಿದ್ಯಾರ್ಥಿ ಒಂದು ಸಲ ಊರಿಗೆ ಹೋಗಿ ಬರಬಹುದು. ಅದೂ ಆಗದಿದ್ದರೆ ನಿಮ್ಮ ಊರಲ್ಲಿ ರಾತ್ರಿ ಉಳಿಯಲು ಜಗಲಿ ಕೊಡಿ, ಅದೂ ದೇಣಿಗೆಯೇ. ಪ್ರತಿ ರೂಪಾಯಿಗೂ ರಸೀದಿ ಕೊಡುತ್ತೇವೆ. ಪ್ರತಿ ರೆಕಾರ್ಡಿಂಗಿನ ಒಂದು ಪ್ರತಿ ಹಾಡಿದವರ ಮನೆಗೆ ಹೋಗುತ್ತದೆ.

ಬನದ ಹುಣ್ಣಿಮೆಗೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆಗೆ, ಮಂಟೇಸ್ವಾಮಿ ಪರಂಪರೆಯ ಚಿಕ್ಕಲ್ಲೂರು ಜಾತ್ರೆ. ಅಷ್ಟರೊಳಗೆ ರೆಕಾರ್ಡರ್ ಕೈಗೆ ಬಂದರೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೊರಡುತ್ತೇವೆ. ದೇಣಿಗೆ ಕೊಟ್ಟವರೂ ಜೊತೆಗೆ ಬನ್ನಿ. ಒಂದು ಕಂಬಳಿ ಮಾತ್ರ ತನ್ನಿ, ಬೆಳಗಿನ ಜಾವ ಚಳಿ ಜೋರಾಗಿರುತ್ತದೆ.